ಆಕ್ಷೇಪಣೆಯಿಲ್ಲದ ಕಡತ

ಕೊಕ್ಕೆ ಮೇಡಂಗೆ ಆಗ ಐವತ್ತೊಂಬತ್ತು ವರ್ಷ, ಹನ್ನೊಂದು ತಿಂಗಳು. ಬಸ್ಸುಗಳ ಮೆಕ್ಯಾನಿಕ್ ಆಗಿದ್ದ ಗಂಡ ತೀರಿಕೊಂಡು ಇಪ್ಪತ್ತೆರಡು ವರ್ಷಗಳಾಗಿದ್ದವು. ಒಬ್ಬಳೇ ಮಗಳು ಔಷಧದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತ ತನ್ನ ಸಂಸಾರದೊಂದಿಗೆ ಬೇರೆಯಿದ್ದಳು. ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿ ಮೇಡಂಗೆ ಜೊತೆಯಾಗಿ ಉಳಿದವರು ಎಂಬತ್ತನಾಲ್ಕರ ಅತ್ತೆ ಒಬ್ಬರೇ. ಹಲ್ಲೆಲ್ಲ ಉದುರಿದ್ದರೂ ನಾಲಿಗೆಯ ಮೊನೆ ಎಳ್ಳಷ್ಟೂ ಸವೆಯದ ಹೆಂಗಸು. ನಿವೃತ್ತಿಗೆ ಉಳಿದದ್ದು ಒಂದು ತಿಂಗಳು. ಆ ಮೇಲೆ ಮನೆಯ ಬಾಡಿಗೆ, ಅತ್ತೆಯ ಮಾತ್ರೆ, ಇಬ್ಬರ ಊಟ ಎಲ್ಲಕ್ಕೂ ಪಿಂಚಣಿಯೊಂದೇ ಆಧಾರ.

ಆಕೆ ಆರೋಗ್ಯ ಇಲಾಖೆಯ ಸಂಶೋಧನಾ ಅನುದಾನ ಶಾಖೆಯಲ್ಲಿ ವಿಷಯ ನಿರ್ವಾಹಕಿ. ಕ್ಯಾನ್ಸರ್ ಸಂಶೋಧನೆಗೆ ಸರ್ಕಾರ ಕೊಡುವ ಹಣದ ಕಡತಗಳೆಲ್ಲ ಹತ್ತೊಂಬತ್ತು ವರ್ಷಗಳಿಂದ ಆಕೆಯ ಮೇಜಿನ ಮೇಲೆಯೇ ಹಾದುಹೋಗುತ್ತಿದ್ದವು. ಮನೆಯಲ್ಲಾಗಲಿ ನೆಂಟರಲ್ಲಾಗಲಿ ಯಾರಿಗೂ ಆ ಕಾಯಿಲೆ ಬಂದಿರಲಿಲ್ಲ. ರೋಗಿಯೊಬ್ಬರನ್ನು ಹತ್ತಿರದಿಂದ ಕಂಡವರೂ ಅಲ್ಲ. ಆದರೂ ಅದು ದೇಹದ ಯಾವ ಅಂಗದಲ್ಲಿ ಹೇಗೆ ಕುಳಿತುಕೊಳ್ಳುತ್ತದೆ, ಎಷ್ಟು ವರ್ಷ ಸದ್ದಿಲ್ಲದೆ ಇರುತ್ತದೆ ಎಂಬುದನ್ನೆಲ್ಲ ಪ್ರಗತಿ ವರದಿಗಳಲ್ಲಿ ಓದಿ ಓದಿ ಬಲ್ಲವರಾಗಿದ್ದರು. ಓದಿದ್ದು ಮಾತ್ರ ರೋಗವನ್ನು ಅರಿಯಲೆಂದಲ್ಲ, ತಪ್ಪು ಹುಡುಕಲೆಂದು. ಪುಟಸಂಖ್ಯೆ ಹಾರಿದ್ದರೆ ಕೊಕ್ಕೆ. ಮೊಹರು ಮಸುಕಾಗಿದ್ದರೆ ಕೊಕ್ಕೆ. ಲೆಕ್ಕಪರಿಶೋಧಕರ ಸಹಿಯ ಕೆಳಗೆ ದಿನಾಂಕ ಇಲ್ಲದಿದ್ದರೆ ಎರಡು ಕೊಕ್ಕೆ. ಹೆಸರಾಂತ ವೈದ್ಯರೂ ಆಕೆಯ ಮೇಜಿನ ಮುಂದೆ ಪಾಠ ಒಪ್ಪಿಸುವ ಮಕ್ಕಳಂತೆ ನಿಲ್ಲುತ್ತಿದ್ದರು. ಆ ಅಡ್ಡಹೆಸರು ಕಿವಿಗೆ ಬಿದ್ದಾಗ ಆಕೆ ಸಿಟ್ಟಾಗಲಿಲ್ಲ. ದಾರಿಯಲ್ಲಿ ಹೋಗುವವರೆಲ್ಲ ಎಳೆದುಕೊಳ್ಳಲು ಸರ್ಕಾರದ ಹಣ ಹರಕು ಚಾಪೆಯಲ್ಲ ಎಂಬುದು ಆಕೆಯ ನಿಲುವು.

ಆ ಮೇಜಿಗೆ ತನ್ನದೇ ಆದ ಒಂದು ಕ್ರಮವಿತ್ತು. ತಪ್ಪಿರುವ ಕಡತ ಮೇಲೆ, ತಪ್ಪಿಲ್ಲದ ಕಡತ ಕೆಳಗೆ. ತಪ್ಪಿರುವುದಕ್ಕೆ ಪತ್ರ ಬರೆಯಬೇಕು, ಉತ್ತರ ತರಿಸಬೇಕು, ಮತ್ತೆ ನೋಡಬೇಕು. ತಪ್ಪಿಲ್ಲದ್ದನ್ನು ಯಾವಾಗ ಬೇಕಾದರೂ ಒಂದೇ ಸಹಿಯಲ್ಲಿ ಸಾಗಿಸಬಹುದು. ಶಾಖೆಯಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಅಳುವ ಮಗುವಿಗೇ ಹಾಲು ಎಂಬುದು ತಾಯಂದಿರಿಗಿಂತ ಕಚೇರಿಗಳಿಗೇ ಹೆಚ್ಚು ಒಪ್ಪುವ ಮಾತು.

ಆರ್ಥಿಕ ವರ್ಷದ ಕೊನೆಯ ದಿನ ಖಜಾನೆ ಮಧ್ಯಾಹ್ನ ಹನ್ನೆರಡಕ್ಕೆ ಬಿಡುಗಡೆ ಆದೇಶಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿತು; ಅಷ್ಟರೊಳಗೆ ಬಿಡುಗಡೆಯಾಗದ ಹಣ ರದ್ದು. ಮೂವತ್ತೊಂದು ಕಡತಗಳನ್ನು ಸಾಗಿಸಿದ ಮೇಡಂ ಕುರ್ಚಿಗೆ ಒರಗಿ, ಚಪ್ಪಲಿ ಬಿಟ್ಟು, ಬಾತಿದ್ದ ಕಾಲನ್ನು ಮೇಜಿನ ಅಡಿಯ ಹಲಗೆಯ ಮೇಲಿಟ್ಟಿದ್ದರು. ಎರಡೂವರೆಗೆ ಬಾಗಿಲಲ್ಲಿ ಒಬ್ಬರು ಡಾಕ್ಟರು ಕಾಣಿಸಿಕೊಂಡರು. ಲಿಫ್ಟು ಕೆಟ್ಟಿದ್ದರಿಂದ ನಾಲ್ಕು ಮಹಡಿ ಹತ್ತಿ ಬಂದ ನಲವತ್ತರ ಹೆಂಗಸು, ಮುಖವೆಲ್ಲ ಬೆವರು.

"ಮೇಡಂ, ಬಾಯಿ ಮಚ್ಚೆ ಯೋಜನೆ. ಮೂರನೇ ವರ್ಷದ ಕಂತು. ಆದೇಶದ ಪ್ರತಿ ಇವತ್ತು ಸಿಗುತ್ತಾ?"

ಮೇಡಂಗೆ ಆ ಯೋಜನೆ ಚೆನ್ನಾಗಿಯೇ ನೆನಪಿತ್ತು. ಕಲ್ಲುಗಣಿಗಳ ಸುತ್ತ ಬದುಕುವ ಆರು ನೂರು ಮಂದಿಯ ಬಾಯಲ್ಲಿ ಬಿಳಿ ಮಚ್ಚೆಗಳಿದ್ದವು. ಯಾವ ಮಚ್ಚೆ ಕ್ಯಾನ್ಸರ್ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ತಿಳಿಯಲು ನಾಲ್ವರು ಆರೋಗ್ಯ ಸಹಾಯಕಿಯರು ಮೂರು ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ನೋಡಿ, ಅಳೆದು, ಬರೆದುಕೊಂಡು ಬರುತ್ತಿದ್ದರು. ಒಂದು ಸುತ್ತು ತಪ್ಪಿದರೆ ಸರಪಳಿ ಕಡಿದಂತೆ. ಎರಡು ವರ್ಷ ಬರೆದದ್ದೆಲ್ಲ ನೀರಿನಲ್ಲಿ ಹೋಮ.

"ನಿಮಗೆ ಆಕ್ಷೇಪಣೆ ಕಳಿಸಿದ್ನಾ ನಾನು?" ಎಂದು ಮೇಡಂ ಕೇಳಿದರು.

"ಇಲ್ಲ. ಅದಕ್ಕೇ ಧೈರ್ಯವಾಗಿದ್ದೆ. ಹೋದ ವರ್ಷ ಹದಿನಾಲ್ಕು ಕೊಕ್ಕೆ ಹಾಕಿ... ಕ್ಷಮಿಸಿ, ಹದಿನಾಲ್ಕು ಆಕ್ಷೇಪಣೆ ಕಳಿಸಿದ್ರಿ. ಈ ಸಲ ಮೂರು ಸಲ ತಿದ್ದಿ ಕಳಿಸಿದ್ದೆ. ನೀವು ಸುಮ್ಮನಿದ್ರಿ ಅಂದ್ರೆ ಪಾಸಾದೆ ಅಂದ್ಕೊಂಡೆ."

ಮೇಡಂ ಎದ್ದು ಹಿಂದಿನ ರ‍್ಯಾಕಿನ ಅಡಿಗೆ ಕೈ ಹಾಕಿದರು. ಕಡತ ಅಲ್ಲಿಯೇ ಇತ್ತು. ಆರು ವಾರಗಳ ಧೂಳು ಮೇಲೆ; ಒಳಗೆ ಒಂದು ಅಕ್ಷರವೂ ತಪ್ಪಿಲ್ಲದ ಕಾಗದಗಳು.

"ಕೂತ್ಕೊಳ್ಳಿ ಡಾಕ್ಟ್ರೇ," ಎಂದರು. ಹಾಗೆ ಹೇಳಿದ್ದು ಹತ್ತೊಂಬತ್ತು ವರ್ಷಗಳಲ್ಲಿ ಎಷ್ಟನೆಯ ಸಲವೋ. ಹೆಚ್ಚು ಸಲವಂತೂ ಇರಲಾರದು.

ಶಾಖಾಧಿಕಾರಿ ಮೇಡಂಗಿಂತ ಇಪ್ಪತ್ತು ವರ್ಷ ಚಿಕ್ಕವರು. ಯಾರ ಮೇಲೂ ದ್ವೇಷವಿಲ್ಲದ, ಯಾವ ತೊಂದರೆಯೂ ಬೇಡದ ಮನುಷ್ಯ. ಡಾಕ್ಟರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದರು.

"ಮೇಡಂ, ನಿಯಮ ನಿಮಗೆ ನಾನು ಹೇಳಿಕೊಡಬೇಕಾ? ತಡ ಅರ್ಜಿದಾರರದ್ದಾದ್ರೆ ಅವರು ಹೊಸ ಅರ್ಜಿ ಹಾಕ್ಲಿ. ಸಮಿತಿ ಸೇರೋದು ಇನ್ನು ಎಂಟು ತಿಂಗಳಿಗೆ. ತಡ ನಮ್ಮದು ಅಂದ್ರೆ ಮರುಮಂಜೂರಾತಿ ಬೇಗ ಆಗುತ್ತೆ, ಆದರೆ ತಡ ಮಾಡಿದೋರ ಮೇಲೆ ವಿಚಾರಣೆ ಆಗಲೇಬೇಕು. ವಿಚಾರಣೆ ಬಾಕಿ ಇದ್ರೆ ನಿಮಗೆ ಪೂರ್ತಿ ಪಿಂಚಣಿ ಸಿಗಲ್ಲ."

"ಗೊತ್ತು."

"ಹೋದ ತಿಂಗಳ ದಿನಾಂಕಕ್ಕೆ ಒಂದು ಆಕ್ಷೇಪಣೆ ಬರೆದುಬಿಡಿ. ರವಾನೆ ಪುಸ್ತಕದಲ್ಲಿ ಪ್ರತಿ ದಿನದ ಕೊನೆಗೆ ಒಂದು ಸಾಲು ಖಾಲಿ ಬಿಟ್ಟಿರ್ತಾರಲ್ಲ, ಅಲ್ಲಿ ಕೂರಿಸಿದ್ರಾಯ್ತು. ಪತ್ರ ಕಳಿಸಿದ್ವಿ, ಅವರು ಉತ್ತರ ಕೊಡ್ಲಿಲ್ಲ. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ."

"ಇದರಲ್ಲಿ ಕೊಕ್ಕೆ ಹಾಕೋಕೆ ಏನೂ ಇಲ್ಲ ಸಾರ್."

"ನಿಮಗೆ ಸಿಗಲ್ವಾ?" ಅಧಿಕಾರಿ ಸೋತವರಂತೆ ನಕ್ಕರು. "ದೇವರ ಜಾತಕದಲ್ಲೂ ಪುಟಸಂಖ್ಯೆ ಇಲ್ಲ ಅಂತ ವಾಪಸ್ ಕಳಿಸೋರು ನೀವು. ನಾಳೆ ಬೆಳಿಗ್ಗೆವರೆಗೆ ಯೋಚನೆ ಮಾಡಿ."

ಮೇಡಂ ಹೊರಗೆ ಬಂದಾಗ ಡಾಕ್ಟರು ಬೆಂಚಿನಿಂದ ಎದ್ದು ನಿಂತರು. "ಮುಂದಿನ ಸುತ್ತಿಗೆ ಎಷ್ಟು ದಿನ ಇದೆ?" ಎಂದು ಮೇಡಂ ಕೇಳಿದರು.

"ಎಂಬತ್ತಾರು. ಸಹಾಯಕಿಯರಿಗೆ ಏನು ಹೇಳ್ಲಿ?"

"ನಾಳೆ ಹೇಳ್ತೀನಿ," ಎಂದರು ಮೇಡಂ. ಜನರನ್ನು ನಾಳೆ ಬನ್ನಿ ಎಂದು ಕಳಿಸುವುದು ಆಕೆಗೆ ಹೊಸದಲ್ಲ. ಆ ದಿನ ಮಾತ್ರ ಡಾಕ್ಟರ ಜೊತೆ ಮೆಟ್ಟಿಲವರೆಗೆ ಹೋದರು.

ಸಂಜೆ ಅತ್ತೆಗೆ ಊಟ ಬಡಿಸಿ, ತಾವೂ ತಟ್ಟೆ ಹಿಡಿದು ಗೋಡೆಗೆ ಒರಗಿ ಕುಳಿತರು. ತುತ್ತು ಬಾಯಿಗೆ ಹೋಗಲಿಲ್ಲ.

"ಯಾಕೆ, ನಿನ್ನ ಊಟಕ್ಕೂ ಕೊಕ್ಕೆ ಹಾಕ್ಕೊಂಡ್ಯಾ?" ಎಂದರು ಅತ್ತೆ.

ಮೇಡಂ ನಡೆದುದನ್ನೆಲ್ಲ ಹೇಳಿದರು. ಮುದುಕಿ ಅನ್ನವನ್ನು ಮೆತ್ತಗೆ ಹಿಸುಕುತ್ತ ಕೇಳಿಸಿಕೊಂಡರು.

"ಅಲ್ಲ ಕಣೇ, ತಪ್ಪು ಮಾಡಿದೋರ ಕೆಲಸ ಮೊದಲು ಮಾಡಿ, ನೆಟ್ಟಗಿದ್ದೋರನ್ನ ಮೂಲೆಗೆ ತಳ್ಳೋದಾ ನಿಮ್ಮ ಕಚೇರಿ? ಇದಕ್ಕೆ ನಿಮಗೆ ಸಂಬಳ ಬೇರೆ ಕೊಡ್ತಾರೆ."

"ಎಲ್ಲರೂ ಹಾಗೇ ಮಾಡೋದು ಅತ್ತೆ."

"ಎಲ್ಲರಿಗೂ ನಾನು ಅತ್ತೆ ಅಲ್ಲ. ಪಿಂಚಣಿ ನಿಂತ್ರೆ ಏನಾಗುತ್ತೆ?"

"ಅರ್ಧದಷ್ಟು ಕೊಡ್ತಾರೆ, ವಿಚಾರಣೆ ಮುಗಿಯೋವರೆಗೆ. ಮನೆ ಬದಲಾಯಿಸಬೇಕಾಗುತ್ತೆ. ನಿಮ್ಮ ಮಾತ್ರೆ ಮಗಳ ಹತ್ರ ಕೇಳ್ಬೇಕು."

ಅತ್ತೆ ತಟ್ಟೆಯಲ್ಲಿದ್ದುದನ್ನು ಬಳಿದು ಉಂಡರು. ಕೊನೆಗೆ, "ನನ್ನ ಹೆಸರು ಹೇಳ್ಕೊಂಡು ಸುಳ್ಳು ಬರೀಬೇಡ. ಬರೆಯೋದಾದ್ರೆ ನಿನ್ನ ಆಸೆಗೆ ಬರಿ," ಎಂದು ತಟ್ಟೆಯನ್ನು ಮುಂದಕ್ಕೆ ತಳ್ಳಿದರು. ಅದು ಆಶೀರ್ವಾದವೋ ಬೈಗುಳವೋ ಸೊಸೆಗೆ ತಿಳಿಯಲಿಲ್ಲ. ತಿಳಿದುಕೊಳ್ಳುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ಮರುದಿನ ಮೇಡಂ ಒಂಬತ್ತಕ್ಕೇ ಕಚೇರಿಗೆ ಬಂದರು. ಕಸ ಗುಡಿಸುತ್ತಿದ್ದ ಅಟೆಂಡರ್ ಹೆಂಗಸು, "ಇಷ್ಟು ಬೇಗ ಬಂದ್ರಾ ಅಮ್ಮಾ, ಯಾರಿಗೆ ಕಾದಿದೆ ಗ್ರಹಚಾರ?" ಎಂದಳು. "ನನಗೇ," ಎಂದು ಮೇಡಂ ಕುಳಿತರು. ಕಿಟಕಿಯ ಪಕ್ಕದ ರವಾನೆ ಪುಸ್ತಕವನ್ನು ತೆರೆದು ಖಾಲಿ ಸಾಲುಗಳನ್ನು ನೋಡಿದರು. ಅವನ್ನು ಯಾವ ಯಾವ ಸಂದರ್ಭಕ್ಕೆ ತುಂಬಲಾಗಿದೆ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಬೇರೆಯವರು ತುಂಬಿದಾಗ ಮುಖ ತಿರುಗಿಸಿಕೊಂಡದ್ದೂ ಉಂಟು. ಪುಸ್ತಕ ಮುಚ್ಚಿದರು. ಕಡತದ ಟಿಪ್ಪಣಿ ಹಾಳೆಯಲ್ಲಿ ಬರೆದರು:

"ಪ್ರಸ್ತಾವನೆಯು ಆರು ವಾರಗಳ ಹಿಂದೆಯೇ ಸ್ವೀಕೃತವಾಗಿದ್ದು, ಎಲ್ಲ ವಿಧದಲ್ಲಿಯೂ ಕ್ರಮಬದ್ಧವಾಗಿದೆ. ಅರ್ಜಿದಾರರ ಕಡೆಯಿಂದ ಯಾವುದೇ ವಿಳಂಬವಿಲ್ಲ. ವಿಳಂಬವು ನನ್ನಿಂದ ಆಗಿದೆ."

ಸಹಿ ಹಾಕಿ, ಸಹಿಯ ಕೆಳಗೆ ಅಂದಿನ ದಿನಾಂಕ ಬರೆದರು. ಶಾಖಾಧಿಕಾರಿ ಅದನ್ನು ಓದಿ, ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. "ಸ್ವಲ್ಪ ಮೃದುವಾಗಿ ಬರೀಬಹುದಿತ್ತು. ಕಾರ್ಯದ ಒತ್ತಡದಿಂದ ಅಂತಾದ್ರೂ..."

"ಬೇರೆಯವರು ಹಾಗೆ ಬರೆದಾಗ ನಾನು ಒಪ್ಪಿದ್ದೀನಾ ಸಾರ್?"

ಅಧಿಕಾರಿ ಸಹಿ ಹಾಕಿದರು.

ಆ ಮೇಲಿನದು ಕಾಗದದ ದಾರಿ, ನಡೆದಷ್ಟೂ ಮುಗಿಯದ್ದು. ಮರುಮಂಜೂರಾತಿ ಹನ್ನೊಂದನೆಯ ವಾರಕ್ಕೆ ಬಂತು. ಅಷ್ಟರಲ್ಲಿ ನಾಲ್ವರು ಸಹಾಯಕಿಯರಲ್ಲಿ ಇಬ್ಬರು ಬೇರೆ ಕೆಲಸ ಹಿಡಿದಿದ್ದರು. ಉಳಿದ ಇಬ್ಬರೂ ಡಾಕ್ಟರೂ ಸೇರಿ ಗಣಿಯ ದಾರಿಗಳಲ್ಲಿ ಬಿಸಿಲಿಗೆ ಅಲೆದು ಸುತ್ತು ಮುಗಿಸಿದರು. ಸರಪಳಿ ಕಡಿಯಲಿಲ್ಲ. ಆದರೆ ಬಾಗಿಲು ಬಡಿಯುತ್ತಿದ್ದ ಆ ಇಬ್ಬರು ಹಳಬರು ಇಲ್ಲದ್ದರಿಂದ, ಮನೆ ಬದಲಿಸಿದ್ದ ನಲವತ್ತೊಂದು ಮಂದಿಯನ್ನು ಹುಡುಕುವವರಿರಲಿಲ್ಲ. ಡಾಕ್ಟರು ಫೋನು ಮಾಡಿ ಅದನ್ನು ಹೇಳಿದರು. ದೂರಲಿಲ್ಲ, ಹೊಗಳಲೂ ಇಲ್ಲ. ಮೇಡಂ, "ನಲವತ್ತೊಂದಾ?" ಎಂದು ಒಮ್ಮೆ ಕೇಳಿ, ಫೋನು ಇಟ್ಟರು.

ಇದರ ನಡುವೆಯೇ ಬಂದ ನಿವೃತ್ತಿಯ ದಿನ ಭಾಷಣವಿರಲಿಲ್ಲ. ವಿಚಾರಣೆಯಲ್ಲಿರುವವರಿಗೆ ಬೀಳ್ಕೊಡುಗೆ ಕೊಡುವ ಪದ್ಧತಿಯಿಲ್ಲ. ಅತ್ತೆ ಸೊಸೆ ಇಬ್ಬರೂ ಒಂದೇ ಕೋಣೆಯ ಮನೆಗೆ ಹೋದರು. ವಿಚಾರಣೆ ಹದಿನೇಳು ತಿಂಗಳು ನಡೆದು, ವಾಗ್ದಂಡನೆಯ ಒಂದು ಹಾಳೆಯಲ್ಲಿ ಮುಗಿಯಿತು. ಅದಾದ ಎರಡನೆಯ ವರ್ಷ, ಔಷಧ ತರಲೆಂದು ಚಪ್ಪಲಿ ಮೆಟ್ಟುತ್ತಿದ್ದಾಗ, ಹೊಸ್ತಿಲ ಬಳಿ ಎದೆ ಹಿಡಿದುಕೊಂಡು ಕುಳಿತ ಮೇಡಂ ಮತ್ತೆ ಏಳಲಿಲ್ಲ.

ಆಕೆ ಬಿಟ್ಟುಹೋದದ್ದು ಇಷ್ಟು: ಎಂಬತ್ತೆಂಟರ ಅತ್ತೆ, ಅವರನ್ನು ತನ್ನ ಮನೆಗೆ ಕರೆದೊಯ್ದ ಮಗಳು, ಅಂಚು ಮಡಿಸಿ ಹೊಲಿಯದ ಆರು ಹತ್ತಿ ಸೀರೆಗಳು, ಒಂದು ಕಡೆಯ ಕಡ್ಡಿಗೆ ದಾರ ಸುತ್ತಿದ ಕನ್ನಡಕ, ಬಾಡಿಗೆಯ ಕರಾರುಪತ್ರ, ಅದರಲ್ಲಿ ಮನೆಯೊಡೆಯರು ಬರೆದದ್ದನ್ನು ಮೂರು ಕಡೆ ತಿದ್ದಿದ ಗುರುತು, ಒಡೆಯದ ಲಕೋಟೆಯೊಳಗಿನ ವಾಗ್ದಂಡನೆಯ ಆದೇಶ, ಕಚೇರಿಯ ತಡದಿಂದ ನಿಂತುಹೋದ ಐದು ಯೋಜನೆಗಳಿಗೆ ಹಿಂದಿನ ನಿದರ್ಶನವೆಂದು ಈವರೆಗೆ ಲಗತ್ತಿಸಲಾದ, ಶಾಖೆಯಲ್ಲಿರುವ ಮೂರು ವಾಕ್ಯದ ಒಂದು ಟಿಪ್ಪಣಿ, ಗಣಿಯ ಸುತ್ತಿನ ಐನೂರ ಐವತ್ತೊಂಬತ್ತು ಮಂದಿಯ ಬಾಯಿಯ ಅಳತೆಗಳು, ಅವರಲ್ಲಿ ಸಮಯಕ್ಕೆ ಶಸ್ತ್ರಚಿಕಿತ್ಸೆಯಾಗಿ ಬದುಕಿದ ಒಂಬತ್ತು ಮಂದಿ, ಮತ್ತು ಡಾಕ್ಟರ ಪಟ್ಟಿಯಲ್ಲಿ, ಮುಂದೆ 'ಸಿಗಲಿಲ್ಲ' ಎಂದಷ್ಟೇ ಬರೆದ ನಲವತ್ತೊಂದು ಹೆಸರುಗಳು.