ಪೈಲ್ವಾನ ಸಿದ್ದಲಿಂಗಪ್ಪನಿಗೆ ಹಾಕಿದ ಸೂಜಿ

ಸಿದ್ದಲಿಂಗಪ್ಪನ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ೧೯೯೧ರಲ್ಲಿ, ಅದೂ ಬೈಗುಳದ ಜೊತೆಗೆ. ನಮ್ಮ ಮನೆಯವರು ಲಂಡನ್ನಿನ ಪಾರ್ಕ್ ರಾಯಲ್‌ನ ಚಪಾತಿ ಫ್ಯಾಕ್ಟರಿಯಿಂದ ಬಂದವರೇ ಬೂಟು ಕೂಡ ಬಿಚ್ಚದೆ, “ನಮ್ಮ ಕಡೆಯಂವ ಒಬ್ಬ ಕೆಲಸಕ್ಕ ಸೇರ್ಯಾನ. ಧಾರವಾಡದ ಪೈಲ್ವಾನ ಅಂತ. ಎಲ್ಲಾರ ಚಾದ ಹಾಲು ತಾನೊಬ್ಬನ ಕುಡದು ನಿಂತಾನ!” ಎಂದರು.

ಹಾಗೆ ಬೈದವರೇ ವರ್ಷದೊಳಗೆ ಅವನನ್ನು ಗ್ರೀನ್‌ಫರ್ಡ್‌ನ ನಮ್ಮ ಮನೆಯ ಮೇಲಿನ ಕೋಣೆಗೆ ಕರೆತಂದರು. ಯಾರೋ ಡಾಕ್ಟರರ ಮನೆಗೆ ಅಡಿಗೆಯವನಾಗಿ ಲಂಡನ್ನಿಗೆ ಬಂದವನು, ಅವರು ಊರಿಗೆ ಮರಳಿದರೂ ಇಲ್ಲೇ ಉಳಿದಿದ್ದ. ಹೆಂಡತಿ ಮಕ್ಕಳಿಲ್ಲ. ಬಾಗಿಲಿನಷ್ಟು ಅಗಲ ಮೈ. ನಮ್ಮ ಮನೆಯವರು ತೀರಿಕೊಂಡ ಮೇಲೆ ನಾನೂ ಆ ಫ್ಯಾಕ್ಟರಿಗೆ ಸೇರಿದೆ. ಬಸ್ಸಿನಲ್ಲಿ ಹೋಗುವಾಗ ಅವನ ಕುಸ್ತಿಯ ಕಥೆ, ಬರುವಾಗ ಅದೇ ಕಥೆ. ಅದರಲ್ಲೂ ದಾನಪ್ಪನ ಕಥೆ ನನಗೆ ಬಾಯಿಪಾಠವಾಗಿತ್ತು. ದಾನಪ್ಪ ಅವನ ಗರಡಿಯವನೇ, ಕುಸ್ತಿಯ ಜೋಡಿ. ೧೯೭೫ರಲ್ಲಿ ಅಖಾಡಕ್ಕಿಳಿದ ದಾನಪ್ಪನನ್ನು ನೋಡಿ ಇವನು ಸಾವಿರ ಜನರೆದುರು ಕೈಯೆತ್ತಿ, “ಸೂಜಿ ಚುಚ್ಚಿಸ್ಕೊಂಡು ಮೈ ಬೆಳಸಿದಂವನ ಜೋಡಿ ನಾ ಆಡಂಗಿಲ್ಲ” ಎಂದು ಹೊರಗೆ ಬಂದನಂತೆ. ದಾನಪ್ಪ ಆಣೆ ಮಾಡಿದನಂತೆ, ಅತ್ತನಂತೆ. ಮತ್ತೆ ಯಾವತ್ತೂ ಅಖಾಡಕ್ಕಿಳಿಯಲಿಲ್ಲವಂತೆ.

“ಚುಚ್ಚಿಸ್ಕೊಂಡಿದ್ದು ನೀವು ಕಣ್ಣಿಲೆ ನೋಡಿದ್ರೇನು ಅಣ್ಣಾರ?” ಎಂದು ಒಮ್ಮೆ ಕೇಳಿದೆ.

“ಮೈ ನೋಡಿದ್ರ ತಿಳೀತದ ತಂಗೆವ್ವ. ನಿನಗೇನು ಗೊತ್ತು, ರೊಟ್ಟಿ ಬಡಿಯೋ ಕೈ!”

೧೯೯೯ರಲ್ಲಿ ಅವನ ಲಿವರಿನಲ್ಲಿ ಗಡ್ಡೆ ಸಿಕ್ಕಿತು. ಆ ತುಂಡನ್ನು ಕತ್ತರಿಸಿ ತೆಗೆಯಬೇಕು, ಇಲ್ಲದಿದ್ದರೆ ವರ್ಷ ತುಂಬುವುದಿಲ್ಲ ಎಂದರು. ಆಪರೇಷನ್ನಿಗೆ ಅವನು ಚಕಾರ ಎತ್ತಲಿಲ್ಲ. ನಮ್ಮ ಪುಣ್ಯಕ್ಕೆ ಆಸ್ಪತ್ರೆಯಲ್ಲಿದ್ದ ಚಿಕ್ಕ ಡಾಕ್ಟರು ಮೈಸೂರಿನ ಕೃಷ್ಣಪ್ರಸಾದ. ಕನ್ನಡದಲ್ಲೇ ಬಿಡಿಸಿ ಹೇಳಿದರು.

“ಕತ್ತರಿಸೋವಾಗ ರಕ್ತ ಸೋರಬಾರದು ಅಂತ ಲಿವರಿಗೆ ಹೋಗೋ ರಕ್ತಾನ ಸ್ವಲ್ಪ ಹೊತ್ತು ಹಿಡಿದಿಡ್ತೀವಿ. ಆಮೇಲೆ ಬಿಟ್ಟಾಗ ಆ ರಕ್ತ ವಾಪಸ್ ನುಗ್ಗುತ್ತಲ್ಲ, ಅದರಿಂದಾನೇ ಲಿವರಿಗೆ ಪೆಟ್ಟಾಗುತ್ತೆ.”

“ಹಿಡದಾಗಲ್ಲ, ಬಿಟ್ಟಾಗ ಪೆಟ್ಟೇನ್ರೀ?” ಎಂದೆ ನಾನು. ಯಾವ ಊರಿನ ಮಾತು ಇದು ಎನಿಸಿತು.

ಸಿದ್ದಲಿಂಗಪ್ಪ ಮಾತ್ರ ತಲೆ ಅಲ್ಲಾಡಿಸಿದ. “ಖರೆ ಅದರೀ. ಎದುರಿನಂವ ತೋಳು ಅದುಮಿ ಹಿಡದಾಗ ತೋಳು ಸತ್ತಂಗಿರ್ತದ. ಪಟ್ಟು ಬಿಟ್ಟ ಮ್ಯಾಲನ ಜುಂ ಅಂತ ಬೆಂಕಿ ಹತ್ತೋದು.”

“ಅಷ್ಟೇ ಸ್ವಾಮಿ! ಆ ಬೆಂಕಿ ಕಡಿಮೆ ಆಗಲಿ ಅಂತ ಆಪರೇಷನ್ನಿಗೆ ಮುಂಚೆ ಒಂದು ಸ್ಟೀರಾಯ್ಡ್ ಕೊಟ್ಟು ನೋಡ್ತಿದೀವಿ.”

ಮುಗಿಯಿತು. ಸಿದ್ದಲಿಂಗಪ್ಪ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ. ಸ್ಟೀರಾಯ್ಡ್ ಎಂಬ ಮಾತನ್ನು ಅವನು ಟಿವಿಯ ಓಟದ ಸುದ್ದಿಯಲ್ಲಿ ಕೇಳಿದ್ದ, ಪದಕ ಕಿತ್ತುಕೊಳ್ಳುವ ಸುದ್ದಿಯಲ್ಲಿ.

“ಅದನ್ನ ಮೈಯಾಗ ಬಿಡಂಗಿಲ್ಲ ನಾ. ದಾನಪ್ಪನ ಜೋಡಿ ಎದಕ್ಕ ಆಡಲಿಲ್ಲೋ ಅದನ್ನ ನಾ ಹಾಕಿಸ್ಕೋಬೇಕೇನು?”

“ಇದು ಆ ಥರದ್ದಲ್ಲ. ಬಾವು ಇಳಿಸೋದು. ತೋಳು ದಪ್ಪ ಮಾಡಲ್ಲ.”

“ಹೆಸರು ಒಂದ ಅದ ಅಲ್ಲರೀ.”

“ನಿಮ್ಮೂರಲ್ಲಿ ಇಬ್ಬರು ಪಾಟೀಲರಿದ್ರೆ ಇಬ್ಬರೂ ಒಂದೇ ಮನೆಯವರಾ?”

“ಯಾವ ಪಾಟೀಲ ತಪ್ಪು ಮಾಡಿದ್ರೂ ಮಂದಿ ಪಾಟೀಲ ಅಂತನ ಬೈತಾರ.”

ನನಗೆ ತಲೆ ಚಿಟ್ಟು ಹಿಡಿಯಿತು. ಡಾಕ್ಟರು ಬೇಸರಿಸದೆ ಇನ್ನೊಂದು ಮಾತು ಹೇಳಿದರು. ಇದರಿಂದ ಎಷ್ಟು ಉಪಯೋಗ ಎಂದು ಅವರಿಗೇ ಪೂರ್ತಿ ಗೊತ್ತಿಲ್ಲವಂತೆ. ಅದನ್ನು ತಿಳಿಯಲೆಂದೇ ಅರ್ಧ ಜನಕ್ಕೆ ಔಷಧಿಯ ಸೂಜಿ, ಇನ್ನರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ಕೊಡುವವರಿಗೂ ತಿಳಿಯದು. ಬೇಡವೆಂದರೂ ಆಪರೇಷನ್ ನಿಲ್ಲುವುದಿಲ್ಲ.

ಒಂದು ವಾರ ಮನೆಯಲ್ಲಿ ಅದೇ ರಾಮಾಯಣ. ನಾನು ಹಿಟ್ಟು ನಾದುತ್ತಾ ಬೈದೆ, ಬಟ್ಟೆ ಒಣಗಿಸುತ್ತಾ ಬೈದೆ. “ಅರವತ್ತು ದಾಟಿದಂವಗ ಯಾರು ಪದಕ ಕೊಡ್ತಾರ್ರೀ ಕಿತ್ಗೊಳ್ಳಾಕ? ಲಿವರ್ ಉಳದ್ರ ಸಾಕು!” ಅವನು ಏಳನೆಯ ದಿನ ಆಸ್ಪತ್ರೆಗೆ ಹೋಗಿ ಸೂಜಿಗೆ ಒಪ್ಪಿ ಕಾಗದಕ್ಕೆ ಸಹಿ ಹಾಕಿದ. ನನ್ನ ಬೈಗುಳಕ್ಕೆ ಅಲ್ಲ. “ಬಿಟ್ಟಾಗ ಬೆಂಕಿ ಹತ್ತೋದು ಖರೆ ಅದ. ಅದನ್ನ ತಿಳಕೊಂಡಂವ ಸುಳ್ಳ ಹೇಳಂಗಿಲ್ಲ” ಎಂದ.

ಆಪರೇಷನ್ ಚೆನ್ನಾಗಿ ಆಯಿತು. ಆದರೆ ನನ್ನ ಪೀಡೆ ಶುರುವಾದದ್ದೇ ಆಮೇಲೆ. ಪ್ರತಿ ಸಲ ಆಸ್ಪತ್ರೆಗೆ ಹೋದಾಗಲೂ ಅವನದು ಒಂದೇ ಪ್ರಶ್ನೆ: “ನನಗ ಹಾಕಿದ್ದು ಯಾವುದರೀ?” ನರ್ಸಿಗೆ ಕೇಳಿದ, ರಕ್ತ ತೆಗೆಯುವವಳಿಗೆ ಕೇಳಿದ, ಒಮ್ಮೆ ಲಿಫ್ಟಿನಲ್ಲಿ ಸಿಕ್ಕ ಯಾರಿಗೋ ಕೇಳಿದ, ಅವನು ಪೈಪು ರಿಪೇರಿಗೆ ಬಂದವನು! ನಾಚಿಕೆಯಿಂದ ನನ್ನ ಮುಖ ಸೆರಗಿನಲ್ಲಿ ಹುದುಗಿತು.

ಕೊನೆಗೆ ಕೃಷ್ಣಪ್ರಸಾದರೇ ಸಿಕ್ಕರು. “ಪರೀಕ್ಷೆ ಮುಗಿಯೋವರೆಗೂ ಹೇಳೋ ಹಾಗಿಲ್ಲ. ನನಗೂ ಗೊತ್ತಿಲ್ಲ” ಎಂದರು.

“ನೀವು ಡಾಕ್ಟ್ರು. ನನ್ನ ಮೈ ನೋಡಿದ್ರ ತಿಳಿಯಂಗಿಲ್ಲೇನು?”

“ಮೈ ನೋಡಿ ಯಾರಿಗೆ ಹೇಳಕ್ಕಾಗುತ್ತೆ ಸಿದ್ದಲಿಂಗಪ್ಪನವರೇ?”

ಅವನು ಅಂಗಿಯ ಗುಂಡಿ ಹಾಕಿಕೊಂಡ. ಬಸ್ಸಿನಲ್ಲಿ ನನ್ನ ಪಕ್ಕ ಕೂರದೆ ಹಿಂದಿನ ಸೀಟಿಗೆ ಹೋದ. ಅಂದಿನಿಂದ ಕುಸ್ತಿಯ ಕಥೆ ನಿಂತಿತು. ಬೇಡವೆಂದು ಎಷ್ಟು ಸಲ ಗೊಣಗಿದ್ದೆನೋ, ಈಗ ಆ ಸುಮ್ಮನಿರುವಿಕೆಗೂ ನನಗೆ ಸಿಟ್ಟು ಬರುತ್ತಿತ್ತು.

ಐದು ವರ್ಷ ಬದುಕಿದ. ೨೦೦೪ರಲ್ಲಿ ಗಡ್ಡೆ ಮರಳಿತು, ಈ ಸಲ ಕತ್ತರಿಸಲು ಜಾಗ ಉಳಿದಿರಲಿಲ್ಲ. ಒಂದು ಮಧ್ಯಾಹ್ನ ನಾನು ಗಂಜಿ ತಂದಾಗ, “ಹಾಳಿ ಪೆನ್ನು ತಗೋ. ದಾನಪ್ಪಗ ಪತ್ರ ಬರಿ” ಎಂದ.

“ಮೂರನೇತ್ತೆ ತನಕ ಸಾಲಿ ಕಲತಾಕಿ ನಾ. ಇಪ್ಪತ್ತೊಂಬತ್ತ ವರ್ಷ ಎಲ್ಲಿ ಮಲಗಿತ್ತು ಈ ಪತ್ರ? ಗಂಜಿ ಆರ್ತದ, ಮೊದಲು ಕುಡೀರಿ.”

“ಬರಿ ತಂಗೆವ್ವ. ಮೈ ನೋಡಿ ಹೇಳಿದ್ದು ತಪ್ಪಾತು ಅಂತ ಬರಿ. ನಾನೂ ಹಾಕಿಸ್ಕೊಂಡೆ ಅಂತ ಬರಿ.”

ಸಿಟ್ಟಿನಲ್ಲೇ ಬರೆದೆ. ಅಕ್ಷರ ಒಂದೊಂದೂ ಲಾಡುವಿನಷ್ಟು ದಪ್ಪ. ಅದರ ಕೆಳಗೆ ನಾನೇ ಸೇರಿಸಿ, ‘ಬರೇ ಉಪ್ಪುನೀರು ಇದ್ದರೂ ಇರಬಹುದು’ ಎಂದು ಬರೆದು ಓದಿ ಹೇಳಿದೆ. ಅವನು ಕಂಡಕಂಡವರನ್ನು ಕೇಳುತ್ತಿದ್ದದ್ದೇ ಅದನ್ನಲ್ಲವೇ?

ಅವನು ದಿಂಬಿನಿಂದ ತಲೆಯೆತ್ತಿದ.

“ಉಪ್ಪುನೀರಿನ ಮಾತು ಹೊಡದು ಹಾಕು” ಎಂದ.