ನಾಮಕರಣದ ಪಾಯಸ ಉಂಡ ಕೋಳಿಗಳು

ಶಶಿಪ್ರಭಾ ಶೆಡ್ಡಿನ ಬಾಗಿಲನ್ನು ದೂಡುವುದಿಲ್ಲ, ಎತ್ತಿ ಸರಿಸುತ್ತಾರೆ. ದೂಡಿದರೆ ಕಿರುಗುಟ್ಟುತ್ತದೆ, ಕಿರುಗುಟ್ಟಿದರೆ ಒಳಗಿನ ಕೋಳಿಗಳೆಲ್ಲ ಒಮ್ಮೆಲೇ ಎದ್ದು ಗದ್ದಲ ಎಬ್ಬಿಸುತ್ತವೆ. ಇನ್ನೂ ಬೆಳಕು ಹರಿದಿಲ್ಲ. ಅವರು ಹಲ್ಲಿನಲ್ಲಿ ಕಚ್ಚಿಕೊಂಡ ಸಣ್ಣ ಟಾರ್ಚಿಗೆ ನೀಲಿ ಪ್ಲಾಸ್ಟಿಕ್ ಸುತ್ತಿದೆ. ಆ ನೀಲಿ ಬೆಳಕು ಮನುಷ್ಯರಿಗೆ ದಾರಿ ತೋರಿಸುತ್ತದೆ, ಕೋಳಿಗೆ ಮಾತ್ರ ಅದು ಕತ್ತಲೆಯೇ. ಬಗ್ಗಿ, ಎರಡೂ ಅಂಗೈಗಳಿಂದ ರೆಕ್ಕೆ ಒತ್ತಿ ಹಿಡಿದು, ಒಂದೊಂದನ್ನೇ ಎದೆಗಾನಿಸಿಕೊಂಡು ಹೊರಗೆ ತರುತ್ತಾರೆ. ನಿದ್ದೆಹೋದ ಮಗುವನ್ನು ಚಾಪೆಗೆ ಒಯ್ಯುವವರ ಹಾಗೆ ಮೆಲ್ಲಗೆ ನಡೆಯುತ್ತಾರೆ. ಅಂಗಳ ಮುಟ್ಟುವವರೆಗೂ ಕೋಳಿ ಸದ್ದು ಮಾಡುವುದಿಲ್ಲ.

“ಕಾಲು ಹಿಡಿದು ತಲೆಕೆಳಗೆ ತಂದರೆ ಬೇಗ ಆಗ್ತದೆ. ಆದರೆ ಅದು ಹೆದರ್ತದೆ. ಇಷ್ಟು ದಿನ ನಾನೇ ನೀರು ಕೊಟ್ಟದ್ದಲ್ವಾ, ಕೊನೆಗೆ ಯಾಕೆ ಹೆದರಿಸುವುದು?” ಎನ್ನುತ್ತಾರೆ ಅವರು.

ಬಂಟ್ವಾಳ ತಾಲೂಕಿನ ಸಿದ್ದಕಟ್ಟೆಯಿಂದ ಮೂಡುಬಿದಿರೆಗೆ ಹೋಗುವ ರಸ್ತೆಯಲ್ಲಿ ಒಂದು ತಿರುವು ದಾಟಿ ಒಳಗೆ ಇಳಿದರೆ ಈ ಮನೆ. ಹಿತ್ತಲಿನಲ್ಲಿ ಆರು ಅಂಕಣದ ಶೆಡ್ಡು. ಪ್ರತಿ ಸೋಮವಾರ ಮಡಂತ್ಯಾರಿನಿಂದ ಹೊಸ ಮರಿಗಳು ಬಂದು ಮೊದಲ ಅಂಕಣ ಸೇರುತ್ತವೆ, ಉಳಿದವಕ್ಕೆಲ್ಲ ಒಂದೊಂದು ಅಂಕಣ ಬಡ್ತಿ. ಪಿಯುಸಿ ಓದುವ ಮಗಳು ಅಕ್ಷಿತಾ ಇವನ್ನು ಒಂದನೇ ಕ್ಲಾಸು, ಎರಡನೇ ಕ್ಲಾಸು ಎಂದೇ ಕರೆಯುವುದು. ಆರನೇ ಕ್ಲಾಸಿನವರಿಗೆ ಆದಿತ್ಯವಾರ ಪಬ್ಲಿಕ್ ಪರೀಕ್ಷೆ. ಅದರಲ್ಲಿ ಇದುವರೆಗೆ ಯಾರೂ ಫೇಲಾಗಿಲ್ಲ ಎಂದು ಅವಳು ಹೇಳುವಾಗ ಅಜ್ಜಿ ಗುಲಾಬಿ ಅವಳ ತಲೆಗೊಂದು ಮೊಟಕುತ್ತಾರೆ.

ಆದಿತ್ಯವಾರದ ಕೆಲಸ ನಾಲ್ಕೂ ಜನರದು. ಶಶಿಪ್ರಭಾ ತಂದುಕೊಟ್ಟ ಕೋಳಿಯನ್ನು ಗಂಡ ಕಮಲಾಕ್ಷ ಹಲಸಿನ ಮರಕ್ಕೆ ಬೋರಲಾಗಿ ಮೊಳೆ ಹೊಡೆದು ನಿಲ್ಲಿಸಿದ, ತಳ ಕತ್ತರಿಸಿದ ಕೊಡಪಾನಕ್ಕೆ ಇಳಿಸುತ್ತಾರೆ. ಕೊಡಪಾನದ ಬಾಯಿಯಿಂದ ತಲೆ ಮಾತ್ರ ಹೊರಗೆ. ಕತ್ತಿಯದು ಒಂದೇ ಎಳೆತ. ಹಂಡೆಯ ಬಿಸಿನೀರು ಗುಲಾಬಿಯವರ ವಶ. ಅವರಿಗೆ ಥರ್ಮಾಮೀಟರು ಬೇಡ, ಬೆರಳು ಅದ್ದಿ ನೋಡಿ ಸಾಕೋ ಬೇಕೋ ಹೇಳುತ್ತಾರೆ. ಪುಕ್ಕ ಕಿತ್ತು, ತೆಂಗಿನ ಒಣಮಡಲಿನ ಉರಿಯಲ್ಲಿ ಚರ್ಮವನ್ನು ಹದವಾಗಿ ಸುಟ್ಟು, ಅರಸಿನ ತಿಕ್ಕುವುದು ಅಕ್ಷಿತಾ. ಒಳಗನ್ನು ಶುಚಿ ಮಾಡಿ ತುಂಡು ಮಾಡುವುದು ಶಶಿಪ್ರಭಾ. ಪಕ್ಕದ ಮನೆಯ ಮೂಕಾಂಬಿಕಾ ಟೀಚರ್ ಶುದ್ಧ ಸಸ್ಯಾಹಾರಿ. ಆದಿತ್ಯವಾರ ಈ ಬದಿಯ ಕಿಟಕಿ ಮುಚ್ಚುತ್ತಾರೆ, ಸೋಮವಾರ ಅದೇ ಕಿಟಕಿಯಿಂದ ಕರಿಮೆಣಸಿನ ಬಳ್ಳಿಗೆ ಕೋಳಿಗೊಬ್ಬರ ಕೇಳುತ್ತಾರೆ. ಮರಿಗಳಿಗೆ ನೆಗಡಿಯಾದರೆ ಇವರಿಗಿಂತ ಮೊದಲು ಅವರಿಗೇ ಕೇಳಿಸುವುದೂ ಉಂಟು.

ಈ ಕೆಲಸ ಶುರುವಾದದ್ದು ಒಂದು ನಗೆಯಿಂದ. ಕಮಲಾಕ್ಷ ಸೌದಿಯ ಕೋಳಿ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ದುಡಿದವರು. ಕಂಪೆನಿ ಜನ ಕಡಿಮೆ ಮಾಡಿದಾಗ ಊರಿಗೆ ಬಂದರು. ಕೋಳಿ ವಿಷಯ ಎಲ್ಲ ಗೊತ್ತಿರುವ ಗಂಡ ಮನೆಯಲ್ಲಿದ್ದಾರೆ ಎಂಬ ಧೈರ್ಯದಲ್ಲಿ ಶಶಿಪ್ರಭಾ ಹತ್ತು ಮರಿ ತಂದು ಸಾಕಿದರು. ಕೊಯ್ಯುವ ದಿನ ಕಮಲಾಕ್ಷ ಪುಕ್ಕ ಕಿತ್ತಿಟ್ಟ ಕೋಳಿಯ ಎರಡೂ ರೆಕ್ಕೆಗಳನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ತೆಗೆದಿಟ್ಟು, ಕತ್ತಿ ಹಿಡಿದುಕೊಂಡು ಸುಮ್ಮನೆ ನಿಂತರು. ಉಳಿದದ್ದು ಅವರಿಗೆ ಗೊತ್ತಿರಲಿಲ್ಲ. ಅಷ್ಟು ವರ್ಷವೂ ಅವರು ನಿಂತದ್ದು ರೆಕ್ಕೆಯ ಲೈನಿನಲ್ಲಿ.

“ಅಲ್ಲಿ ಬರೀ ರೆಕ್ಕೆ. ಇಲ್ಲಿ ಇಡೀ ಕೋಳಿ ಉಂಟು,” ಎಂದು ಅವರೇ ಈಗ ನಗುತ್ತಾರೆ.

ಹಾಗಾಗಿ ಶಶಿಪ್ರಭಾ ಕಲಿಯಬೇಕಾಯಿತು. ನಾಟಿಕೋಳಿ ಸಾಕಿ ಗೊತ್ತಿದ್ದ ಅತ್ತೆಯಿಂದ ಸ್ವಲ್ಪ, ಕೈ ಕೊಯ್ದುಕೊಂಡು ಸ್ವಲ್ಪ. ಒಂದು ಮೇ ತಿಂಗಳ ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಾಗ ಮೈತುಂಬಿದ ಕೋಳಿಗಳು ಕಣ್ಣೆದುರೇ ಬಾಯಿ ತೆರೆದು ಒರಗತೊಡಗಿದವು. ಮನೆಯವರೆಲ್ಲ ಒದ್ದೆ ಗೋಣಿ ಕಟ್ಟಿ, ಅಡಿಕೆ ಹಾಳೆಯಿಂದ ಬೀಸುತ್ತಾ ಸಂಜೆಯವರೆಗೆ ಶೆಡ್ಡಿನೊಳಗೇ ಕುಳಿತರು. ಅರ್ಧದಷ್ಟು ಉಳಿದವು. ಆ ಅರ್ಧವನ್ನು ಇಟ್ಟುಕೊಂಡೇ ಶಶಿಪ್ರಭಾ ಮುಂದುವರಿದರು. ಊರ ಮನೆಗಳಿಗೆ ವಾರಕ್ಕೆ ಇಪ್ಪತ್ತು ಕೋಳಿ ಹೋಗುವಷ್ಟಾಯಿತು.

ಆದರೆ ಇಪ್ಪತ್ತರಲ್ಲಿ ನಾಲ್ಕು ಜನರ ಮನೆ ಸಾಗುವುದಿಲ್ಲ. ಕಮಲಾಕ್ಷ ಗೂಡ್ಸ್ ಆಟೊ ಓಡಿಸುತ್ತಾರೆ, ಬಾಡಿಗೆ ದಿನಾ ಸಿಗುವುದಿಲ್ಲ. ಈ ನಡುವೆ ಸೌದಿಯ ಹಳೆಯ ಸೂಪರ್‌ವೈಸರ್ ಫೋನ್ ಮಾಡಿ, ಮತ್ತೆ ಬರುವುದಾದರೆ ಜಾಗ ಉಂಟು, ಈ ಆದಿತ್ಯವಾರ ಸಂಜೆಯೊಳಗೆ ಹೇಳಬೇಕು ಎಂದಿದ್ದ.

ಶಶಿಪ್ರಭಾ ನಂಬಿ ಕುಳಿತದ್ದು ಇನ್ನೊಂದು ಮಾತನ್ನು. ಮಿಜಾರಿನಲ್ಲಿ ವಿದ್ಯಾರ್ಥಿಗಳಿಗೆ ಮೆಸ್ ನಡೆಸುವ ಸುರಕ್ಷಾ ಎಂಬವರು ಯಾರದೋ ಮನೆಯ ಊಟದಲ್ಲಿ ಇವರ ಕೋಳಿ ತಿಂದಿದ್ದರು. ಚರ್ಮ ಸುಟ್ಟ ಈ ರುಚಿ ಅಂಗಡಿಯ ಕೋಳಿಯಲ್ಲಿ ಇಲ್ಲ, ಒಂದು ಆದಿತ್ಯವಾರ ನಲವತ್ತು ಕೊಡಿ, ಸರಿ ಕಂಡರೆ ವಾರವಾರ ತೆಗೆದುಕೊಳ್ಳುತ್ತೇನೆ ಎಂದಿದ್ದರು. ಸರಿ ಕಂಡರೆ ಎಂದದ್ದಷ್ಟೇ. ಶಶಿಪ್ರಭಾ ಮಾತ್ರ ಅಂದಿನಿಂದ ಪ್ರತಿ ಸೋಮವಾರ ನಲವತ್ತು ಮರಿಗಳನ್ನು ಹೆಚ್ಚಿಗೆ ತರಿಸಿದರು. ಸುರಕ್ಷಾ ಹೂಂ ಎಂದ ಮರುವಾರ ಕೋಳಿ ಎಲ್ಲಿಂದ ತರುವುದು ಎಂದು ಅವರ ಲೆಕ್ಕ. ಹೂಂ ಅನ್ನದಿದ್ದರೆ ಏನು ಎಂದು ಕಮಲಾಕ್ಷ ಕೇಳಿದರು. ಆಗ ನೀವು ಸೌದಿಯಿಂದಲೇ ಬಂದು ತಿನ್ನಿ ಎಂದು ಶಶಿಪ್ರಭಾ ಹೇಳಿಬಿಟ್ಟರು.

ಆ ಆದಿತ್ಯವಾರ ಇದೇ. ಮೊದಲ ಕೋಳಿ ಶಶಿಪ್ರಭಾರ ಹಲಗೆಗೆ ಬರುತ್ತದೆ. ಕುತ್ತಿಗೆಯ ಬುಡದಲ್ಲಿ, ತಿಂದದ್ದು ಮೊದಲು ಸೇರುವ ಮೇವಿನ ಚೀಲ ಇರುತ್ತದೆ. ಶನಿವಾರ ಸಂಜೆಯೇ ಮೇವು ತೆಗೆದು ಬರೀ ನೀರು ಇಡುವುದರಿಂದ ಅದು ಬೆಳಿಗ್ಗೆ ಬಾಡಿದ ಎಲೆಯಷ್ಟು ತೆಳ್ಳಗಿರುತ್ತದೆ, ಬೆರಳಿಗೆ ಸಿಕ್ಕರೆ ಬಂದುಬಿಡುತ್ತದೆ. ಇವತ್ತು ಕತ್ತಿ ತಾಗಿದೊಡನೆ ಚೀಲ ಒಡೆಯುತ್ತದೆ. ಹುಳಿ ವಾಸನೆ. ಹಲಗೆಯ ಮೇಲೆ ಅನ್ನದ ಅಗುಳು ಹರಡುತ್ತದೆ. ಅಕ್ಷಿತಾ ಬಗ್ಗಿ, ಎರಡು ಬೆರಳಿನಲ್ಲಿ ಏನನ್ನೋ ಎತ್ತಿ ಬೆಳಕಿಗೆ ಹಿಡಿಯುತ್ತಾಳೆ.

“ಅಮ್ಮಾ, ಒಣದ್ರಾಕ್ಷೆ.”

ಕಮಲಾಕ್ಷ ಓಡಿಹೋಗಿ ಉಳಿದ ಕೋಳಿಗಳ ಕುತ್ತಿಗೆ ಮುಟ್ಟಿ ನೋಡುತ್ತಾರೆ. ಎಲ್ಲವೂ ನಿಂಬೆಹಣ್ಣು ನುಂಗಿದ ಹಾಗಿವೆ. ಮೂರೂ ಜನ ಒಟ್ಟಿಗೇ ಹಂಡೆಯ ಕಡೆಗೆ ತಿರುಗುತ್ತಾರೆ. ಗುಲಾಬಿ ಚೆನ್ನಾಗಿ ಉರಿಯುತ್ತಿರುವ ಒಲೆಯನ್ನು ಇನ್ನೂ ಕೆದಕುತ್ತಿದ್ದಾರೆ.

“ನನ್ನನ್ನು ಯಾಕೆ ನೋಡ್ತೀರಿ? ನಿನ್ನೆ ಟೀಚರಮ್ಮನ ಮೊಮ್ಮಗಳ ನಾಮಕರಣದ ಊಟ ಉಳಿದಿತ್ತು. ಬೇಲಿ ಮೇಲಿಂದ ಕೊಟ್ಟರು, ಕೋಳಿಗೆ ಹಾಕಿ ಅಂತ. ಅನ್ನ, ಪಾಯಸ. ಬೇಡ ಹೇಳ್ಲಿಕ್ಕಾಗ್ತದಾ?”

ಇವು ಇವತ್ತು ಮೆಸ್ಸಿಗೆ ಹೋಗುವ ಕೋಳಿ ಎಂದು ಅಮ್ಮನಿಗೆ ಗೊತ್ತಿರಲಿಲ್ಲವೇ ಎಂದು ಕಮಲಾಕ್ಷ ಕೇಳುತ್ತಾರೆ.

“ಗೊತ್ತಿದ್ದದ್ದಕ್ಕೇ ಹಾಕಿದ್ದು,” ಎನ್ನುತ್ತಾರೆ ಗುಲಾಬಿ. “ನಾಳೆ ಹೋಗುವವಕ್ಕೆ ಇವತ್ತು ಹಸಿವೆ ಯಾಕೆ ಮಗಾ?”

ಶಶಿಪ್ರಭಾ ಬೈಯಲು ಬಾಯಿ ತೆರೆದವರು ಒಡೆದ ಕೋಳಿಯನ್ನು ಬದಿಗೆ ಸರಿಸುತ್ತಾರೆ. ಪ್ರತಿ ಶನಿವಾರ ಮೇವಿನ ತಟ್ಟೆ ಎತ್ತಿಕೊಂಡು ಹೊರಬರುವಾಗ ಅವರು ಹಿಂದಿರುಗಿ ನೋಡುವುದಿಲ್ಲ. ಕೋಳಿಗಳು ಜಾಲರಿಯವರೆಗೆ ಹಿಂಬಾಲಿಸಿ ಬರುತ್ತವೆ. ಅತ್ತೆ ಮಾಡಿದ್ದು ತಾನು ಮಾಡಬೇಕೆಂದುಕೊಂಡೂ ಮಾಡದೆ ಬಿಟ್ಟದ್ದನ್ನೇ ಎಂದು ಅವರಿಗೆ ಗೊತ್ತು. ಆದರೆ ಸುರಕ್ಷಾ ಹಾಕಿದ್ದ ಷರತ್ತು ಒಂದೇ: ವಾಸನೆ ಬಂದರೆ ಇಡೀ ಲೋಡನ್ನು ಹಿಂದೆ ಕಳಿಸುತ್ತೇನೆ. ಇಷ್ಟು ಚೀಲಗಳಲ್ಲಿ ನಾಲ್ಕು ಒಡೆದರೂ ಸಾಕು.

ಗುಲಾಬಿ ಸೊಂಟಕ್ಕೆ ಕೈ ಕೊಟ್ಟು ಎದ್ದು ಒಳಗೆ ಹೋಗುತ್ತಾರೆ. ಮುನಿಸಿಕೊಂಡರು ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ಹೊರಬಂದಾಗ ಅವರ ಕೈಯಲ್ಲಿ ಗುಲಾಬಿ ಬಣ್ಣದ ನೂಲಿನ ಉಂಡೆ. ಮದುವೆಯಾದ ವರ್ಷದಿಂದ ಕಣ್ಣು ಮಂಜಾಗುವವರೆಗೂ ಬೀಡಿ ಕಟ್ಟಿದವರು ಅವರು; ಆ ಕಾಲದ ನೂಲು ಇನ್ನೂ ಉಳಿದಿದೆ. ಹಲಗೆಯ ಮುಂದೆ ಮಣೆ ಎಳೆದುಕೊಂಡು ಕುಳಿತುಕೊಳ್ಳುತ್ತಾರೆ.

“ಅನ್ನ ಹಾಕಿದ್ದು ನಾನು. ತೆಗೆಯುವುದೂ ನಾನೇ. ನೀನು ಚರ್ಮ ಮಾತ್ರ ಬಿಡಿಸಿ ಕೊಡು.”

ಶಶಿಪ್ರಭಾ ಕುತ್ತಿಗೆಯ ಚರ್ಮವನ್ನು ಸೀಳಿಕೊಡುತ್ತಾರೆ. ಗುಲಾಬಿ ಕತ್ತಿ ಮುಟ್ಟುವುದಿಲ್ಲ. ಎರಡು ಬೆರಳನ್ನು ಒಳಗೆ ಇಳಿಸಿ, ತುಂಬಿದ ಚೀಲವನ್ನು ಸುತ್ತಲಿನಿಂದ ಬಿಡಿಸುತ್ತಾ, ಎಲ್ಲೋ ನೋಡುತ್ತಾ ಇರುತ್ತಾರೆ. ಬೀಡಿಯ ಎಲೆ ಹರಿಯದಂತೆ ಸುರುಳಿ ಸುತ್ತಿದ ಬೆರಳುಗಳಿಗೆ ಕಣ್ಣಿನ ಸಹಾಯ ಬೇಕಾಗಿಲ್ಲ. ಚೀಲದ ಮೇಲೊಂದು, ಕೆಳಗೊಂದು ನೂಲಿನ ಗಂಟು, ಉಗುರಿನಲ್ಲಿ ಒಂದು ಚಿವುಟು. ಚೀಲ ಇಡಿಯಾಗಿ ಕೈಗೆ ಬರುತ್ತದೆ, ಒಂದು ಹನಿ ಜಾರದೆ. ಅದನ್ನು ಬುಟ್ಟಿಗೆ ಹಾಕಿ ಮುಂದಿನದಕ್ಕೆ ಕೈ ಚಾಚುತ್ತಾರೆ.

ಆಮೇಲೆ ಯಾರೂ ತಮ್ಮ ಜಾಗದಲ್ಲಿಲ್ಲ. ಹಂಡೆ ಕಮಲಾಕ್ಷರ ಪಾಲಾಗುತ್ತದೆ. ನೀರು ಹದವೋ ಎಂದು ಅವರು ಬೆರಳು ಅದ್ದಿ ಅದ್ದಿ ಕೈ ಕೊಡವುತ್ತಾರೆ. ಅಕ್ಷಿತಾ ತುಂಡು ಮಾಡುವ ಕತ್ತಿ ಹಿಡಿಯುತ್ತಾಳೆ. ಯಾವ ಕೋಳಿಗೆ ದ್ರಾಕ್ಷೆ, ಯಾವುದಕ್ಕೆ ಗೋಡಂಬಿ ಸಿಕ್ಕಿರಬಹುದು ಎಂದು ಪಂಥ ಕಟ್ಟುತ್ತಾ ಎಲ್ಲರೂ ನಗುತ್ತಿರುವಾಗ, ಮುಚ್ಚಿದ ಕಿಟಕಿ ಒಂದು ಬೆರಳಿನಷ್ಟು ತೆರೆಯುತ್ತದೆ. ಟೀಚರ್ ಮುಖ ತೋರಿಸದೆ, ನಿನ್ನೆ ಕೊಟ್ಟದ್ದನ್ನು ಕೋಳಿಗಳು ತಿಂದವೇ ಎಂದು ವಿಚಾರಿಸುತ್ತಾರೆ.

“ಒಂದು ಅಗುಳೂ ಬಿಡಲಿಲ್ಲ ಟೀಚರಮ್ಮ,” ಎನ್ನುತ್ತಾರೆ ಗುಲಾಬಿ. ಸುಳ್ಳೇನೂ ಅಲ್ಲ.

ಮೊದಲು ಒಡೆದದ್ದನ್ನು ಬದಿಗಿಟ್ಟು, ಊರ ಮನೆಗಳ ಇಪ್ಪತ್ತನ್ನು ಮುಟ್ಟದೆ, ಒಂದು ಕಡಿಮೆ ನಲವತ್ತನ್ನು ಡಬ್ಬಿಗಳಿಗೆ ತುಂಬುವಾಗ ಹೊತ್ತು ಮೀರಿದೆ. ಶಶಿಪ್ರಭಾ ಸುರಕ್ಷಾರಿಗೆ ಫೋನ್ ಮಾಡಿ ತಡವಾಗುತ್ತದೆ, ಒಂದು ಕಡಿಮೆ ಇದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ತಡವಾದರೆ ಮಕ್ಕಳು ಕಾಯುತ್ತಾರೆ, ವಾಸನೆ ಬಂದರೆ ತಾನು ಕಾಯುವುದಿಲ್ಲ ಎಂದು ಆ ಕಡೆಯಿಂದ ಉತ್ತರ. ಗೂಡ್ಸ್ ಆಟೊದಲ್ಲಿ ಗಂಡನ ಪಕ್ಕ ಕುಳಿತ ಶಶಿಪ್ರಭಾ ಮೂಡುಬಿದಿರೆ ಬಸ್‌ಸ್ಟ್ಯಾಂಡ್ ದಾಟುವವರೆಗೂ ಡಬ್ಬಿಯ ಮುಚ್ಚಳದ ಮೇಲಿಟ್ಟ ಕೈ ತೆಗೆಯುವುದಿಲ್ಲ.

ಮಿಜಾರಿನ ಮೆಸ್ಸಿನ ಹಿಂಬಾಗಿಲಲ್ಲಿ ಸುರಕ್ಷಾ ಮುಚ್ಚಳ ತೆಗೆದು, ಮುಖ ತಗ್ಗಿಸಿ, ಕುತ್ತಿಗೆಯ ತುಂಡುಗಳನ್ನೇ ಆರಿಸಿ ಮೂಸುತ್ತಾರೆ. ಎರಡನೇ ಡಬ್ಬಿ, ಮೂರನೇ ಡಬ್ಬಿ. ಕೊನೆಯ ಡಬ್ಬಿಯಿಂದ ಅವರ ಬೆರಳಿಗೆ ಗುಲಾಬಿ ಬಣ್ಣದ ಒಂದು ಎಳೆ ಸುತ್ತಿಕೊಂಡು ಬರುತ್ತದೆ.

“ಇದೆಂಥದ್ದು?”

ಶಶಿಪ್ರಭಾ ಕಮಲಾಕ್ಷರ ಮುಖ ನೋಡುತ್ತಾರೆ. ಸೀರೆಯ ನೂಲು ಎಂದು ಹೇಳಬಹುದಿತ್ತು. ಹೇಳುವುದಿಲ್ಲ. ಅತ್ತೆ, ಟೀಚರು, ನಾಮಕರಣ, ಪಾಯಸ, ಬೀಡಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಅಡುಗೆಯವರು ಸೌಟು ಬಿಟ್ಟು ಬಂದು ಕೇಳುತ್ತಿದ್ದಾರೆ. ಸುರಕ್ಷಾ ನೂಲನ್ನು ಒರೆಸಿ ನೋಡುತ್ತಾರೆ, ಮತ್ತೊಮ್ಮೆ ಆ ತುಂಡನ್ನು ಮೂಸುತ್ತಾರೆ, ಆಮೇಲೆ ಅದನ್ನು ಅಡುಗೆಯವರ ಪಾತ್ರೆಗೆ ಹಾಕುತ್ತಾರೆ.

“ಎರಡು ತಿಂಗಳು ಕಳೆದು ಹೊಸ ಮಕ್ಕಳು ಬರ್ಲಿಕ್ಕುಂಟು. ಅಲ್ಲಿವರೆಗೆ ನಲವತ್ತು, ಆಮೇಲೆ ಐವತ್ತು ಬೇಕು, ವಾರವಾರ. ಆಗ್ತದಾ? ಅಜ್ಜಿಗೆ ಮಾತ್ರ ಹೇಳಿ, ಶನಿವಾರ ಯಾರಾದರೂ ಊಟ ಕೊಟ್ಟರೆ ಅವರೇ ಉಣ್ಲಿ.”

ಆಗುತ್ತದೆ ಎಂದು ಶಶಿಪ್ರಭಾ ಹೇಳುವುದು ಬಹಳ ಗಂಭೀರವಾಗಿ. ನಗು ಬರುವುದು ಆಟೊ ಗೇಟು ದಾಟಿದ ಮೇಲೆ. ಕಣ್ಣೊರೆಸಿಕೊಂಡು ನಗುತ್ತಾರೆ, ಗಂಡನ ತೋಳಿಗೆ ಗುದ್ದಿ ನಗುತ್ತಾರೆ. ಆಟೊ ಎಡಕ್ಕೆ ಹೋಗ್ತದೆ ಮಾರಾಯ್ತಿ ಎಂದು ಕಮಲಾಕ್ಷ ಸ್ಟೇರಿಂಗ್ ಗಟ್ಟಿ ಹಿಡಿಯುತ್ತಾರೆ.

ಸಂಜೆ ಅವರು ಸೌದಿಗೆ ಫೋನ್ ಮಾಡುತ್ತಾರೆ. ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿರುವ ಶಶಿಪ್ರಭಾ ನಲ್ಲಿ ನಿಲ್ಲಿಸಿ ಕಿವಿಗೊಡುತ್ತಾರೆ. ಕಮಲಾಕ್ಷ ‘ಇಲ್ಲ’ ಎಂಬುದನ್ನು ಎರಡು ಸಲ ಹೇಳಬೇಕಾಗುತ್ತದೆ, ಮೊದಲ ಸಲ ಆ ಕಡೆಯವನಿಗೆ ಕೇಳಿಸುವುದಿಲ್ಲ. ಎರಡನೆಯ ಸಲದ್ದು ಟೀಚರ ಮನೆಯವರೆಗೂ ಕೇಳಿಸುತ್ತದೆ.

ಸೋಮವಾರ ಮಡಂತ್ಯಾರಿನಿಂದ ಹತ್ತು ಮರಿಗಳು ಹೆಚ್ಚಿಗೆ ಬರುತ್ತವೆ. ಹಳದಿ ಉಂಡೆಗಳು ಒಂದರ ಮೇಲೊಂದು ಹತ್ತಿ ಚಿಂವ್‌ಗುಟ್ಟುತ್ತಿವೆ. ಬಲ್ಬಿನಡಿಯ ಹಳೆಯ ಪೆಟ್ಟಿಗೆಯಲ್ಲಿ ಅಷ್ಟಕ್ಕೆ ಜಾಗವಿಲ್ಲ. ಯಾರೂ ಹೇಳದೆಯೇ ಕಮಲಾಕ್ಷ ಒಳಗೆ ಹೋಗಿ, ಕಪಾಟಿನ ಮೇಲಿಂದ ದೊಡ್ಡ ನೀಲಿ ಸೂಟ್‌ಕೇಸನ್ನು ಇಳಿಸಿ ತರುತ್ತಾರೆ. ಹಿಡಿಯಲ್ಲಿ ವಿಮಾನದ ಚೀಟಿ ಇನ್ನೂ ಅಂಟಿಕೊಂಡಿದೆ. ಮುಚ್ಚಳ ಕಳಚಿ, ಒಳಗೆ ಮರದ ಹೊಟ್ಟು ಹರಡಿ, ಬಲ್ಬು ತೂಗಹಾಕುತ್ತಾರೆ. ಶಶಿಪ್ರಭಾ ಒಂದೊಂದೇ ಮರಿಯ ಕೊಕ್ಕನ್ನು ನೀರಿಗೆ ಮುಟ್ಟಿಸಿ ಒಳಗೆ ಬಿಡುತ್ತಾರೆ. ಮರಿಗಳು ಬೆಚ್ಚಗಿನ ಮೂಲೆಗೆ ನುಗ್ಗುತ್ತವೆ. ಶೆಡ್ಡಿನ ನೆಲ ಸ್ವಲ್ಪ ಇಳಿಜಾರು. ಸೂಟ್‌ಕೇಸು ಮರಿಗಳ ಸಮೇತ ಅಡಿಯ ಚಕ್ರಗಳ ಮೇಲೆ ಮೆಲ್ಲನೆ ಬಾಗಿಲ ಕಡೆಗೆ ಉರುಳತೊಡಗುತ್ತದೆ.

ಶಶಿಪ್ರಭಾ ಪಾದ ಅಡ್ಡ ಕೊಟ್ಟು ಅದನ್ನು ನಿಲ್ಲಿಸುತ್ತಾರೆ. ಗಂಡನ ಕಡೆ ತಿರುಗುವುದಿಲ್ಲ, ಮರಿಗಳನ್ನೇ ನೋಡುತ್ತಾ ಹೇಳುತ್ತಾರೆ:

“ಚಕ್ರ ಬಿಚ್ಚಿಬಿಡಿ. ಇನ್ನು ಇದಕ್ಕೆ ಚಕ್ರ ಎಂತಕ್ಕೆ?”