ಬಾಲಾಜಿಗೆ ಜಾಮೀನು ಕೊಟ್ಟವರು

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಔರಾದ ತಾಲೂಕಿನ ಒಂದು ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿದ್ದೆ. ಯಾವ ಠಾಣೆ ಎಂದು ಬರೆಯುವುದಿಲ್ಲ. ತಪ್ಪು ಮಾಡಿದವನು ನಾನು, ಈಗ ಅಲ್ಲಿರುವವರಿಗೆ ಯಾಕೆ ಕಿರಿಕಿರಿ?

ಗಣೇಶ ಹಬ್ಬ ಹತ್ತಿರ ಬಂದರೆ ಠಾಣೆಗಳಲ್ಲಿ ಒಂದು ಪಟ್ಟಿ ತಯಾರಾಗುತ್ತದೆ. ಗಲಾಟೆ ಮಾಡಬಹುದು ಎನಿಸಿದವರನ್ನು ಕರೆಸಿ, ತಹಶೀಲ್ದಾರರ ಮುಂದೆ ನಿಲ್ಲಿಸಿ, ಶಾಂತಿಯಿಂದ ಇರುತ್ತೇನೆಂದು ಮುಚ್ಚಳಿಕೆ ಬರೆಸಿಕೊಳ್ಳುತ್ತೇವೆ. ಅದಕ್ಕೆ ಯಾರಾದರೂ ಜಾಮೀನುದಾರರಾಗಿ ಸಹಿ ಹಾಕಬೇಕು. ಪಟ್ಟಿ ಉದ್ದವಿದ್ದಷ್ಟೂ ಮೇಲಿನವರಿಗೆ ಸಮಾಧಾನ. ಆ ಸಲ ಹೆಸರುಗಳು ಕಡಿಮೆ ಬಿದ್ದವು. ಹೆಡ್ ಕಾನ್‌ಸ್ಟೇಬಲ್ ಬಂದು ಕೇಳಿದಾಗ, "ಹ್ವಾದ ವರ್ಷದ ಜಗಳದ ಕಾಗದ ಅದಾವಲ್ಲ, ಅದರಾಗಿನ ಹೆಸರ ಎಲ್ಲಾ ಬರ್ಕೋ" ಎಂದುಬಿಟ್ಟೆ. ಅವನು ಎಲ್ಲವನ್ನೂ ಬರೆದುಕೊಂಡ. ಅದರಲ್ಲಿ ಹೊಡೆದಾಡಿದವರ ಜತೆ ಸಾಕ್ಷಿ ಹೇಳಿದವರ ಹೆಸರೂ ಇತ್ತು. ನಾನು ಓದದೆ ಸಹಿ ಹಾಕಿದೆ.

ಹಾಗೆ ಸಿಕ್ಕಿಬಿದ್ದವನು ಬಾಲಾಜಿ. ಇಪ್ಪತ್ಮೂರು ವಯಸ್ಸು, ತಂದೆ ತಾಯಿ ಇಬ್ಬರೂ ಇಲ್ಲ, ಕಾಕಾನ ಮನೆಯಲ್ಲಿ ಬೆಳೆದವನು. ಹಿಂದಿನ ವರ್ಷ ಮೆರವಣಿಗೆಯಲ್ಲಿ ಎರಡು ಓಣಿಯ ಹುಡುಗರು ಡಿಜೆ ವಿಷಯಕ್ಕೆ ಕೈ ಕೈ ಮಿಲಾಯಿಸಿದಾಗ ನಡುವೆ ಹೋಗಿ ಬಿಡಿಸಿದ್ದವನೇ ಅವನು.

"ನಾ ಸಾಕ್ಷಿ ಹೇಳ್ದಾಂವ ಇದ್ದೇನ್ರಿ ಸಾಹೇಬ್ರ. ಕಾಗದ ತೆಗೆದು ನೋಡ್ರಿ" ಎಂದ.

"ಎಲ್ಲಾರೂ ಹಂಗೇ ಅಂತಾರ. ಸುಮ್ನ ಕೂಡು" ಎಂದೆ.

ತಹಶೀಲ್ದಾರ್ ಕಚೇರಿಯಲ್ಲಿ ಮಧ್ಯಾಹ್ನದವರೆಗೂ ಅವನ ಕಡೆಯಿಂದ ಯಾರೂ ಬರಲಿಲ್ಲ. ಕಾಕಾ ಮಾರುತಿರಾವ್ ಫೋನಿನಲ್ಲಿ "ಪೊಲೀಸ್ ಕಾಗದದಾಗ ನನ್ನ ಹೆಸರ ಬ್ಯಾಡಪ್ಪಾ" ಎಂದು ಇಟ್ಟುಬಿಟ್ಟರು. ಅಷ್ಟರಲ್ಲಿ ಭಾಲ್ಕಿ ಕಡೆಯ ಒಬ್ಬ ಗೃಹಸ್ಥ ತನ್ನ ಗುಂಪಿನ ಇಬ್ಬರು ಹುಡುಗರಿಗೆ ಜಾಮೀನು ಕೊಡಲು ಬಂದಿದ್ದ. ಧರ್ಮ ಕಾಯುತ್ತೇವೆಂದು ಹುಡುಗರನ್ನು ಕಟ್ಟಿಕೊಂಡು, ಇನ್ನೊಂದು ಧರ್ಮದವರ ಮೇಲೆ ಎತ್ತಿಕಟ್ಟುವ ಮನುಷ್ಯ. ಮೂಲೆಯಲ್ಲಿ ನಿಂತ ಬಾಲಾಜಿಯನ್ನು ನೋಡಿ, ಗುರುತು ಪರಿಚಯ ಇಲ್ಲದಿದ್ದರೂ "ಇಂವಾ ನಮ್ಮ ತಮ್ಮನೇ" ಎಂದು ಅವನಿಗೂ ಸಹಿ ಹಾಕಿದ. ಹುಡುಗ ಎಲ್ಲರೆದುರು ಅತ್ತುಬಿಟ್ಟ. ಆ ಮನುಷ್ಯ ಎಂಥವನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೆಲಸ ಬೇಗ ಮುಗಿಯಿತೆಂದು ಚಹಾ ತರಿಸಿ ಕುಡಿದೆ.

ಬೀದರಿನ ಹತ್ತಿರ ಕೊಳಾರದ ಒಂದು ಗೋದಾಮಿನಲ್ಲಿ ಬಾಲಾಜಿಗೆ ಕೆಲಸ ನಿಗದಿಯಾಗಿತ್ತು. ಪೊಲೀಸ್ ವೆರಿಫಿಕೇಷನ್‌ನಲ್ಲಿ ಮುಚ್ಚಳಿಕೆಯ ವಿಷಯ ಬಂತು, ಕೆಲಸ ಹೋಯಿತು. ಇದು ನನಗೆ ತಿಳಿದದ್ದು ಬಹಳ ತಡವಾಗಿ.

ಎಂಟು ತಿಂಗಳ ಮೇಲೆ, ಭಾಲ್ಕಿ ಕಡೆಯಿಂದ ಮೊಪೆಡ್‌ನಲ್ಲಿ ಬರುತ್ತಿದ್ದ ಗಾದಿ ಹೊಲಿಯುವ ಮಹೆಬೂಬಸಾಬರನ್ನು ನಾಲ್ವರು ಅಡ್ಡಗಟ್ಟಿದರು. ನಮ್ಮೂರುಗಳಿಗೆ ವ್ಯಾಪಾರಕ್ಕೆ ಬರಬೇಡ ಎಂದು ಬಡಿಗೆಯಿಂದ ಹೊಡೆದರು. ಮೊಣಕೈ ಮುರಿಯಿತು. ಮೂವರು ಓಡಿಹೋದರು, ಸಿಕ್ಕವನು ಬಾಲಾಜಿ. ಮೊಣಕೈ ಮುರಿದ ಏಟು ಹಾಕಿದ್ದೂ ಅವನೇ.

ನನಗೆ ಮೈಯೆಲ್ಲ ಉರಿದಿತ್ತು. "ಆ ಮುದುಕ ನಿನಗೇನ್ ಮಾಡಿದ್ನೋ?" ಎಂದು ಗದರಿದೆ.

ಅವನು ತಲೆ ಎತ್ತಲಿಲ್ಲ. "ಏನೂ ಮಾಡಿಲ್ರಿ. ನೀವು ಕರಸಿದ ಮ್ಯಾಲ ಊರಾಗ ಯಾರೂ ನನ್ನ ಜೋಡಿ ಚಾ ಸೈತ ಕುಡೀಲಿಲ್ರಿ. ಜಾಮೀನ ಕೊಟ್ರಲ್ಲ, ಅವ್ರು ದಿನಾ ಫೋನ್ ಮಾಡಿ ಊಟ ಆಯ್ತೇನೋ ತಮ್ಮಾ ಅಂತಿದ್ರು. ಮದಲ ಅವ್ರು ಬೇಕಾದ್ರು. ಆಮ್ಯಾಲ ಅವ್ರು ಅಂದಿದ್ದೆಲ್ಲಾ ಖರೆ ಅನಸ್ಲಿಕತ್ತು."

ಅವನನ್ನು ಜೈಲಿಗೆ ಕಳಿಸಿದ ಮೇಲೆ ಹಳೆಯ ಕಾಗದ ತೆಗೆದು ನೋಡಿದೆ. ಬಾಲಾಜಿಯ ಹೆಸರಿನ ಮುಂದೆ ಸಾಕ್ಷಿ ಎಂದು ದಪ್ಪ ಅಕ್ಷರದಲ್ಲಿತ್ತು.

ಹೇಳಿಕೆ ಪಡೆಯಲು ಬೀದರಿನ ಆಸ್ಪತ್ರೆಗೆ ಹೋದಾಗ ಮಹೆಬೂಬಸಾಬರಿಗೆ ಇದನ್ನೆಲ್ಲ ಹೇಳಿದೆ. ಅವರು ಸ್ವಲ್ಪವೂ ಕರಗಲಿಲ್ಲ. "ಹೊಡ್ಯೋ ಮುಂದ ನನ್ನ ಹೆಸರ ಕೇಳಿಲ್ರಿ ಅಂವ. ಸಜಾ ಆಗ್ಬೇಕು. ಆದರ ಹೊರಗ ಬಂದ್ರ ಮತ್ತ ಅವ್ರ ಕೈಗಿ ಕೊಡಬ್ಯಾಡ್ರಿ ಸಾಬ್. ನಾ ಅದೇ ರೋಡಿನ್ಯಾಗ ತಿರಗಾಡಬೇಕು" ಎಂದರು.

ಮುಚ್ಚಳಿಕೆ ನನ್ನ ತಪ್ಪಿನಿಂದ ಆದದ್ದು, ಅದಕ್ಕೆ ಮುಂಚೆ ಹುಡುಗನ ಮೇಲೆ ಏನೂ ಇರಲಿಲ್ಲ ಎಂದು ನ್ಯಾಯಾಲಯಕ್ಕೆ ಬರೆದುಕೊಟ್ಟೆ. ಇಲಾಖೆ ನೋಟಿಸ್ ಕೊಟ್ಟಿತು. ಬೀದರಿನ ಮೈಲೂರಿನಲ್ಲಿರುವ ನಮ್ಮ ಮನೆಯಲ್ಲಿ ಹೆಂಡತಿ, "ರಿಟೈರ್ ಆಗೋ ಹೊತ್ತಿನ್ಯಾಗ ಇದ್ಯಾಕ ಬೇಕಿತ್ತು?" ಎಂದಳು. ಅವಳ ಸಿಟ್ಟೂ ಸರಿಯೇ. ಮಾರುತಿರಾವ್ ಅವರ ಮನೆಗೆ ಮೂರು ಸಲ ಹೋದೆ. ಮೂರನೆಯ ಸಲ ಅವರು ಅಂಗಿ ಹಾಕಿಕೊಂಡು ಜಾಮೀನು ಕೊಡಲು ಹೊರಟರು.

ಜಾಮೀನಿನ ಮೇಲೆ ಬಿಡುಗಡೆಯಾದ ಸಂಜೆ ಜೈಲಿನ ಬಾಗಿಲಲ್ಲಿ ನಾನು ಮತ್ತು ಮಾರುತಿರಾವ್ ನಿಂತಿದ್ದೆವು. ಸ್ವಲ್ಪ ಹೊತ್ತಿಗೆ ಜೀಪು ಬಂತು. ಭಾಲ್ಕಿ ಕಡೆಯ ಗೃಹಸ್ಥ ಹೂವಿನ ಹಾರ ಹಿಡಿದು ಇಳಿದ, ಹಿಂದೆ ಐದಾರು ಹುಡುಗರು. ಬಾಲಾಜಿ ಹೊರಗೆ ಬಂದು ಹಾರ ನೋಡಿದ, ಕಾಕಾನನ್ನು ನೋಡಿದ, ನಿಂತುಬಿಟ್ಟ.

ನಾನು ಹತ್ತಿರ ಹೋಗಿ, "ಅವತ್ತ ನೀ ಸಾಕ್ಷಿನೇ ಇದ್ದಿ, ಬಾಲಾಜಿ. ತಪ್ಪ ನಂದು" ಎಂದೆ.

"ಇನ್ನೊಮ್ಮಿ ಅನ್ರಿ ಸಾಹೇಬ್ರ. ಎಲ್ಲಾರಿಗೂ ಕೇಳೂ ಹಂಗ ಅನ್ರಿ."

ಅಂದೆ. ಪಹರೆಯವರು, ಜೀಪಿನ ಹುಡುಗರು ಎಲ್ಲರೂ ತಿರುಗಿ ನೋಡಿದರು. ಬಾಲಾಜಿ ಮುಖ ಒರೆಸಿಕೊಂಡು, "ನಡೀ ಕಾಕಾ, ಮನಿಗಿ ಹೋಗಮು" ಎಂದು ಹೊರಟ. ಹಾರ ಆ ಗೃಹಸ್ಥನ ಕೈಯಲ್ಲೇ ಉಳಿಯಿತು.

ಪ್ರಕರಣ ಇನ್ನೂ ನಡೆದಿದೆ. ಬಾಲಾಜಿ ಪ್ರತಿ ತಾರೀಖಿಗೂ ಹಾಜರಾಗುತ್ತಾನೆ. ಶಿಕ್ಷೆ ಆದರೆ ಅನುಭವಿಸುತ್ತೇನೆ ಎನ್ನುತ್ತಾನೆ. ದಾರಿ ತಪ್ಪಿದ ಹುಡುಗರ ತಲೆಯಲ್ಲಿ ಯಾರೋ ವಿಷ ತುಂಬುತ್ತಾರೆ ಎಂದು ನಾನು ನೌಕರಿಯುದ್ದಕ್ಕೂ ವರದಿ ಬರೆದೆ. ತುಂಬುವುದಕ್ಕೆ ಮೊದಲು ಅಲ್ಲಿ ಜಾಗ ಖಾಲಿ ಮಾಡಿಕೊಟ್ಟವರು ಯಾರೆಂದು ಒಮ್ಮೆಯೂ ಬರೆದಿರಲಿಲ್ಲ. ಅವನು ಕೇಳಿಕೊಂಡ ದಿನ ಆ ಕಾಗದ ತೆಗೆದು ನೋಡಲು ನನಗೆ ಎರಡು ನಿಮಿಷ ಸಾಕಾಗುತ್ತಿತ್ತು. ಮಹೆಬೂಬಸಾಬರ ಮೊಣಕೈ ಈಗಲೂ ಪೂರ್ತಿ ಮಡಚುವುದಿಲ್ಲ.